ಡಿಬಿಎಂಎಸ್ ಓದಿದವರೇ, ಮತದಾರರ ಪಟ್ಟಿಯೂ ನಿಮ್ಮ ಸಿಲೆಬಸ್

2024ರ ಮಾರ್ಚ್ 4ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಸುಪ್ರೀಂ ಕೋರ್ಟಿಗೆ ಒಂದು ಅರ್ಜಿ ಹಾಕಿತು. ಚುನಾವಣಾ ಬಾಂಡ್‌ಗಳನ್ನು ಯಾರು ಕೊಂಡರು, ಯಾವ ಪಕ್ಷ ನಗದು ಮಾಡಿಕೊಂಡಿತು ಎಂಬ ವಿವರ ಕೊಡಲು ಜೂನ್ 30ರವರೆಗೆ ಸಮಯ ಬೇಕು ಎಂಬುದು ಅದರ ಬೇಡಿಕೆ. ಬ್ಯಾಂಕ್ ಕೊಟ್ಟ ಲೆಕ್ಕ ಹೀಗಿತ್ತು: 2019ರ ಏಪ್ರಿಲ್‌ನಿಂದ 2024ರ ಫೆಬ್ರವರಿವರೆಗೆ 22,217 ಬಾಂಡ್‌ಗಳು. ಕೊಂಡವರ ವಿವರ ಒಂದು ಕಡೆ ಇದೆ, ಪಕ್ಷಗಳ ವಿವರ ಇನ್ನೊಂದು ಕಡೆ ಇದೆ. ಎರಡೂ ಸೇರಿ 44,434 ದಾಖಲೆಗಳನ್ನು ತಾಳೆ ಹಾಕಬೇಕು.

ಲೋಕಸಭಾ ಚುನಾವಣೆ ಆಗ ಹೊಸ್ತಿಲಲ್ಲಿತ್ತು. ಜೂನ್ 30 ಅಂದ್ರೆ ಮತದಾನ ಮುಗಿದು, ಫಲಿತಾಂಶ ಬಂದು, ಹೊಸ ಸರ್ಕಾರ ಕುರ್ಚಿ ಮೇಲೆ ಕೂತ ನಂತರ.

ಆ ಅರ್ಜಿ ಸುದ್ದಿಯಾದ ದಿನ ಇಂಜಿನಿಯರಿಂಗ್ ಗೆಳೆಯರ ಗ್ರೂಪುಗಳಲ್ಲಿ ಒಂದೇ ಜೋಕ್ ಓಡಾಡಿತು: ‘ಇದು ಐದನೇ ಸೆಮ್ ಲ್ಯಾಬ್‌ನ ಮೊದಲನೇ ವಾರದ ಕೆಲಸ ಕಣ್ರೋ.’ ಎರಡು ಟೇಬಲ್, ಎರಡರಲ್ಲೂ ಇರುವ ಒಂದು ನಂಬರ್, ಒಂದು ಜಾಯಿನ್. ಕೆಲವು ವಿವರಗಳು ಸೀಲ್ ಮಾಡಿದ ಕವರ್‌ಗಳಲ್ಲಿ, ಕಾಗದದ ಮೇಲಿವೆ ಎಂದು ಬ್ಯಾಂಕ್ ಹೇಳಿತ್ತು. ಒಪ್ಪೋಣ. ಆದರೂ 22 ಸಾವಿರ ಸಾಲು ಅಂದ್ರೆ ಎಕ್ಸೆಲ್‌ನ ಒಂದೇ ಶೀಟಿನಲ್ಲಿ ಮೂಲೆಗೆ ಕೂರುವಷ್ಟು. ಆ ಶೀಟಿಗೆ 10 ಲಕ್ಷಕ್ಕೂ ಹೆಚ್ಚು ಸಾಲು ಹಿಡಿಸುತ್ತೆ.

ಜೋಕ್ ಮಾಡಿದವರಿಗೆ ಜಾಯಿನ್ ಗೊತ್ತಿತ್ತು. ಅದು ದೇಶದ ಅತಿ ದೊಡ್ಡ ರಾಜಕೀಯ ಪ್ರಶ್ನೆಗಳಲ್ಲಿ ಒಂದು ಅಂತ ಹೇಳಿಕೊಡುವ ಲೆಕ್ಚರರ್ ಮಾತ್ರ ನಮಗ್ಯಾರಿಗೂ ಸಿಕ್ಕಿರಲಿಲ್ಲ. ಇವತ್ತು ಬರೆಯೋಕೆ ಹೊರಟಿರೋದು ಆ ಪೇಪರ್ ಬಗ್ಗೆಯೇ.

ನಾವು ಓದಿದ್ದು ಏನು?

ನಾನು ಓದಿದ್ದು ವಿಟಿಯು 2010ರ ಸ್ಕೀಮ್‌ನಲ್ಲಿ. ಐದನೇ ಸೆಮ್‌ನಲ್ಲಿ ಡಿಬಿಎಂಎಸ್, ಏಳನೇ ಸೆಮ್‌ನ ‘ಪ್ರೋಗ್ರಾಮಿಂಗ್ ದಿ ವೆಬ್’ ಪೇಪರ್‌ನೊಳಗೆ ಎಕ್ಸ್‌ಎಂಎಲ್. ಪುಸ್ತಕ ಎಲ್ಮಾಸ್ರಿ ಮತ್ತು ನವಾಥೆ ಅವರದ್ದು. ಆ ಪುಸ್ತಕದ ತುಂಬ ಒಂದೇ ಉದಾಹರಣೆ: ಒಂದು ಕಂಪನಿ, ಅದರ ನೌಕರರು, ಡಿಪಾರ್ಟ್‌ಮೆಂಟು, ಪ್ರಾಜೆಕ್ಟು. ನಂತರದ ಸ್ಕೀಮ್‌ಗಳಲ್ಲಿ ಲ್ಯಾಬ್‌ಗೆ ಐದು ಡೇಟಾಬೇಸ್ ಬಂದವು: ಲೈಬ್ರರಿ, ಆರ್ಡರ್, ಸಿನಿಮಾ, ಕಾಲೇಜು, ಕಂಪನಿ.

ಈ ವಿಷಯದ ಬೇರು 1970ರಲ್ಲಿದೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ ಆ ವರ್ಷ ಒಂದು ಪ್ರಬಂಧ ಬರೆದರು. ಮಾಹಿತಿಯನ್ನು ಸರಳವಾದ ಟೇಬಲ್‌ಗಳಲ್ಲಿ ಇಡಿ, ಅದು ಡಿಸ್ಕ್‌ನಲ್ಲಿ ಎಲ್ಲಿದೆ, ಹೇಗಿದೆ ಅನ್ನೋ ಗೊಡವೆ ಬಳಸುವವರಿಗೆ ಬೇಡ, ಬೇಕಾದ್ದು ಏನು ಅಂತ ಕೇಳಿದರೆ ಸಾಕು ಅನ್ನುವುದು ಅದರ ತಿರುಳು. 1974ರಲ್ಲಿ ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಹಾಗೆ ಕೇಳುವುದಕ್ಕೊಂದು ಭಾಷೆ ಕೊಟ್ಟರು. ಅದೇ ಇವತ್ತಿನ ಎಸ್‌ಕ್ಯೂಎಲ್. 1981ರಲ್ಲಿ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ನಮ್ಮ ಪಾಲಿಗೆ ಇದು ಪ್ಲೇಸ್‌ಮೆಂಟ್‌ನಲ್ಲಿ ಕೇಳುವ ಪ್ರಶ್ನೆ. ಮೂರನೇ ನಾರ್ಮಲ್ ಫಾರ್ಮ್ ಅಂದ್ರೇನು, ಪ್ರೈಮರಿ ಕೀಗೂ ಫಾರಿನ್ ಕೀಗೂ ಏನು ವ್ಯತ್ಯಾಸ, ಅಷ್ಟೇ. ಆದರೆ ಈ ಹೊತ್ತಿಗೆ ನಿಮ್ಮ ಮನೆಯ ಪಡಿತರ, ಅಪ್ಪನ ಪಹಣಿ, ಅಮ್ಮನ ಗೃಹಲಕ್ಷ್ಮಿ, ನಿಮ್ಮ ಮತ, ಇವೆಲ್ಲ ಯಾವುದೋ ಒಂದು ಟೇಬಲ್‌ನ ಒಂದು ಸಾಲು. ಆ ಟೇಬಲ್‌ನ ಕೀ ಯಾವುದು, ಕಾಲಂಗಳು ಯಾವುವು, ಸಾಲನ್ನು ಅಳಿಸೋ ಅಧಿಕಾರ ಯಾರಿಗಿದೆ ಎಂಬುದು ಶಾಸನಸಭೆಯಲ್ಲಿ ಚರ್ಚೆಯಾಗುವುದು ಅಪರೂಪ. ಟೆಂಡರ್ ಹಿಡಿದ ಯಾವುದೋ ಕಂಪನಿಯ ಡೆವಲಪರ್, ಯಾವುದೋ ಇಲಾಖೆಯ ಅಧಿಕಾರಿ ಸೇರಿ ಒಂದು ಮಧ್ಯಾಹ್ನ ತೀರ್ಮಾನಿಸಿಬಿಡಬಹುದು.

ಬಚ್ಚಿಟ್ಟ ಕೀ

ಮತ್ತೆ ಬಾಂಡ್ ಕಥೆಗೆ ಬರೋಣ. 2018ರಲ್ಲೇ ದಿ ಕ್ವಿಂಟ್‌ನ ಪತ್ರಕರ್ತೆ ಪೂನಂ ಅಗರ್ವಾಲ್ ಎರಡು ಬಾಂಡ್ ಕೊಂಡು ಲ್ಯಾಬ್‌ಗೆ ಕಳಿಸಿದ್ದರು. ಬರಿಗಣ್ಣಿಗೆ ಕಾಣದ, ಅಲ್ಟ್ರಾವೈಲೆಟ್ ಬೆಳಕಿನಲ್ಲಿ ಮಾತ್ರ ಕಾಣುವ ಒಂದು ನಂಬರ್ ಅದರಲ್ಲಿತ್ತು. ಪ್ರತಿ ಬಾಂಡ್‌ಗೂ ಬೇರೆ ಬೇರೆ. ಡೇಟಾಬೇಸ್ ಭಾಷೆಯಲ್ಲಿ ಇದೇ ಪ್ರೈಮರಿ ಕೀ.

ಸುಪ್ರೀಂ ಕೋರ್ಟ್ ಮಾರ್ಚ್ 11ರಂದು ಬ್ಯಾಂಕಿನ ಅರ್ಜಿ ತಳ್ಳಿಹಾಕಿತು. ಮಾರ್ಚ್ 14ಕ್ಕೆ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಎರಡು ಪಟ್ಟಿ ಬಂದವು. ಕೊಂಡವರದ್ದೊಂದು, ಪಕ್ಷಗಳದ್ದೊಂದು. ನಂಬರ್ ಕಾಲಂ ಎರಡರಲ್ಲೂ ಇಲ್ಲ! ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ 1,368 ಕೋಟಿ ರೂಪಾಯಿಯ ಬಾಂಡ್ ಕೊಂಡಿದೆ ಅಂತ ಗೊತ್ತಾಯಿತು. ಯಾರಿಗೆ ಕೊಟ್ಟಿತು ಅಂತ ಗೊತ್ತಾಗಲಿಲ್ಲ. ಮಾರ್ಚ್ 18ರಂದು ಕೋರ್ಟ್ ಮತ್ತೆ ಗದರಿ, ನಂಬರ್ ಸಮೇತ ಎಲ್ಲವನ್ನೂ ಕೊಡಿ ಎಂದಿತು. 21ರಂದು ನಂಬರ್ ಬಂತು. ಆ ಹಣ ತೃಣಮೂಲ ಕಾಂಗ್ರೆಸ್, ಡಿಎಂಕೆ ಮುಂತಾದ ಪಕ್ಷಗಳಿಗೆ ಎಷ್ಟೆಷ್ಟು ಹೋಯಿತು ಎಂಬುದು ಗಂಟೆಗಳಲ್ಲೇ ಹೊರಬಿತ್ತು.

14ನೇ ತಾರೀಕಿಗೂ 21ನೇ ತಾರೀಕಿಗೂ ನಡುವೆ ಬದಲಾಗಿದ್ದು ಒಂದೇ ಒಂದು ಕಾಲಂ. ಸಾವಿರಾರು ಸಾಲು ಕೊಟ್ಟು ‘ನೋಡಿ, ಎಷ್ಟೊಂದು ಪಾರದರ್ಶಕತೆ’ ಅನ್ನಬಹುದು. ಕೀ ಕೊಡದಿದ್ದರೆ ಆ ಸಾಲುಗಳಿಂದ ಕೇಳಬೇಕಾದ ಪ್ರಶ್ನೆಗೆ ಉತ್ತರ ಸಿಗಲ್ಲ.

ಒಂದೇ ನಂಬರ್, ಇಬ್ಬರು ಮತದಾರರು

ವಿಟಿಯುನಲ್ಲಿ ಓದಿದವರಿಗೆ ಯುಎಸ್‌ಎನ್ ಗೊತ್ತು. ಕಾಲೇಜಿನ ಕೋಡ್, ಸೇರಿದ ವರ್ಷ, ಬ್ರಾಂಚ್, ಕೊನೆಗೆ ಮೂರಂಕಿ. ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ಯುಎಸ್‌ಎನ್ ಬಂದರೆ ರಿಸಲ್ಟ್ ದಿನ ಏನಾಗುತ್ತೆ ಅಂತ ಊಹಿಸಿ.

ಮತದಾರರ ಗುರುತಿನ ಚೀಟಿಯ ಎಪಿಕ್ ನಂಬರಿನಲ್ಲಿ ಮೂರು ಅಕ್ಷರ, ಏಳು ಅಂಕಿ ಇರುತ್ತವೆ. 2025ರ ಆರಂಭದಲ್ಲಿ ಬೇರೆ ಬೇರೆ ರಾಜ್ಯದ ಮತದಾರರಿಗೆ ಒಂದೇ ಎಪಿಕ್ ನಂಬರ್ ಇದೆ ಎಂಬ ಗಲಾಟೆ ಎದ್ದಿತು. ಮಾರ್ಚ್‌ನಲ್ಲಿ ಚುನಾವಣಾ ಆಯೋಗ ಅದನ್ನು ಒಪ್ಪಿಕೊಂಡಿತು. ಇರೋನೆಟ್ ಎಂಬ ಒಂದೇ ವ್ಯವಸ್ಥೆಗೆ ಬರುವ ಮುಂಚೆ ರಾಜ್ಯಗಳು ತಾವೇ ಕೈಯಾರೆ ನಂಬರ್ ಹಂಚುತ್ತಿದ್ದವು, ಕೆಲವರು ಒಂದೇ ಸರಣಿ ಬಳಸಿದ್ದಾರೆ ಎಂದು ವಿವರಿಸಿತು. ಮೂರು ತಿಂಗಳಲ್ಲಿ ಸರಿಪಡಿಸುವುದಾಗಿಯೂ ಹೇಳಿತು.

ಆಯೋಗದ ಇನ್ನೊಂದು ವಾದ ಏನಂದ್ರೆ, ನಂಬರ್ ಒಂದೇ ಇದ್ದರೂ ನೀವು ನಿಮ್ಮ ಕ್ಷೇತ್ರದ ನಿಮ್ಮ ಬೂತಿನಲ್ಲಿ ಮಾತ್ರ ಓಟು ಹಾಕಬಹುದು, ಹಾಗಾಗಿ ನಕಲಿ ಮತದಾರ ಅಂತ ಆಗಲ್ಲ. ಇದನ್ನು ಹಾಗೇ ತಳ್ಳಿಹಾಕುವಂತಿಲ್ಲ. ಎರಡು ಕಾಲಂ ಸೇರಿ ಕೀ ಆಗುವುದನ್ನು ಡಿಬಿಎಂಎಸ್‌ನಲ್ಲಿ ಕಾಂಪೋಸಿಟ್ ಕೀ ಅಂತಾರೆ. ಎಪಿಕ್ ನಂಬರ್ ಜೊತೆ ಕ್ಷೇತ್ರವೂ ಸೇರಿದರೆ ವ್ಯಕ್ತಿ ಒಬ್ಬನೇ ಆಗುತ್ತಾನೆ ಅನ್ನೋದು ಆಯೋಗದ ಮಾತಿನ ಅರ್ಥ. ಆದರೆ ಹಾಗಿದ್ದರೆ ಊರು ಬದಲಿಸಿದ ಮತದಾರನನ್ನು ಹೊಸ ಕ್ಷೇತ್ರದಲ್ಲಿ ಹೇಗೆ ಗುರುತಿಸುತ್ತೀರಿ? ಕ್ಷೇತ್ರ ಬದಲಾದ ಕೂಡಲೇ ಕೀ ಕೂಡ ಬದಲಾಯಿತಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಬಂದ ಹುಡುಗನ ಹೆಸರು ಎರಡೂ ಕಡೆ ಉಳಿಯುವುದಕ್ಕೆ ಇದೂ ಒಂದು ದಾರಿ. ಟಿವಿ ಚರ್ಚೆಯಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ಎರಡನೇ ಇಂಟರ್ನಲ್ಸ್ ಬರೆದ ವಿದ್ಯಾರ್ಥಿ ಕೇಳಬಲ್ಲ.

ಮನೆ ನಂಬರ್ ಸೊನ್ನೆ

2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಮಹದೇವಪುರ ಕ್ಷೇತ್ರದ ಕಾಗದದ ಕಟ್ಟುಗಳನ್ನು ಮುಂದಿಟ್ಟು, 1,00,250 ಮತಗಳು ಸಂಶಯಾಸ್ಪದ ಎಂದು ಆರೋಪಿಸಿದರು. ಅವರ ಲೆಕ್ಕದಲ್ಲಿ ಐದು ಬಗೆ: ನಕಲು ಹೆಸರುಗಳು 11,965, ಸುಳ್ಳು ಅಥವಾ ಇಲ್ಲದ ವಿಳಾಸ 40,009, ಒಂದೇ ವಿಳಾಸದಲ್ಲಿ ರಾಶಿ ಮತದಾರರು 10,452, ಸರಿಯಿಲ್ಲದ ಫೋಟೋ 4,132, ಫಾರಂ 6ರ ದುರ್ಬಳಕೆ 33,692. ಆಯೋಗ ಆರೋಪ ತಳ್ಳಿಹಾಕಿತು, ಪ್ರಮಾಣ ಮಾಡಿ ದೂರು ಕೊಡಿ ಎಂದಿತು.

ಯಾರ ಪರ ಅನ್ನುವುದನ್ನು ಪಕ್ಕಕ್ಕಿಡಿ. ಪಟ್ಟಿ ಟೇಬಲ್ ರೂಪದಲ್ಲಿ ಸಿಕ್ಕಿದ್ದರೆ ಫೋಟೋ ಒಂದನ್ನು ಬಿಟ್ಟು ಉಳಿದ ನಾಲ್ಕನ್ನೂ ಹುಡುಕಲು ಸಣ್ಣ ಸಣ್ಣ ಕ್ವೆರಿಗಳು ಸಾಕು. ‘ವಿಳಾಸದ ಪ್ರಕಾರ ಗುಂಪು ಮಾಡು, ಇಷ್ಟಕ್ಕಿಂತ ಹೆಚ್ಚು ಜನ ಇರುವ ಗುಂಪು ತೋರಿಸು’ ಅಂದ್ರೆ ಗ್ರೂಪ್ ಬೈ, ಹ್ಯಾವಿಂಗ್. ಕಾಂಗ್ರೆಸ್ ತಂಡ ಅದಕ್ಕೆ ಆರು ತಿಂಗಳು ಹಿಡಿಯಿತು ಎಂದಿದೆ, ಏಕೆಂದರೆ ಅವರ ಕೈಯಲ್ಲಿದ್ದದ್ದು ಕಾಗದ.

ಇಲ್ಲಿ ಇನ್ನೊಂದು ಪಾಠವೂ ಇದೆ. ಬಹಳಷ್ಟು ಮತದಾರರ ಮನೆ ನಂಬರ್ ‘0’ ಅಂತಿತ್ತು. ಇದಕ್ಕೆ ಮುಖ್ಯ ಚುನಾವಣಾ ಆಯುಕ್ತ ಜ್ಞಾನೇಶ್ ಕುಮಾರ್ ಆಗಸ್ಟ್ 17ರಂದು ಉತ್ತರ ಕೊಟ್ಟರು: ಎಷ್ಟೋ ಪಂಚಾಯಿತಿ, ಪಾಲಿಕೆಗಳು ಮನೆಗಳಿಗೆ ನಂಬರ್ ಕೊಟ್ಟಿಲ್ಲ, ಮನೆಯೇ ಇಲ್ಲದವರೂ ಇದ್ದಾರೆ, ಅಂಥವರಿಗೆ ಸೊನ್ನೆ ಹಾಕುತ್ತೇವೆ. ಉತ್ತರ ನ್ಯಾಯವಾಗಿಯೇ ಇದೆ. ಫ್ಲೈಓವರ್ ಕೆಳಗೆ ಮಲಗುವವನಿಗೂ ಓಟಿದೆ, ಇರಲೇಬೇಕು.

ತೊಂದರೆ ಸೊನ್ನೆಯಲ್ಲಿದೆ. ಡಿಬಿಎಂಎಸ್‌ನ ಮೊದಲ ಕೆಲವು ಕ್ಲಾಸ್‌ಗಳಲ್ಲೇ ನಲ್ ಅನ್ನುವ ಪರಿಕಲ್ಪನೆ ಬರುತ್ತದೆ. ನಲ್ ಅಂದ್ರೆ ಸೊನ್ನೆ ಅಲ್ಲ, ಖಾಲಿ ಅಕ್ಷರವೂ ಅಲ್ಲ. ಬೆಲೆ ಗೊತ್ತಿಲ್ಲ, ಅಥವಾ ಈ ಸಾಲಿಗೆ ಆ ಕಾಲಂ ಅನ್ವಯಿಸುವುದಿಲ್ಲ ಅಂತ ಅರ್ಥ. ಎರಡು ನಲ್‌ಗಳನ್ನು ಹೋಲಿಸಿದರೆ ಸಮ ಅಂತ ಉತ್ತರ ಬರಲ್ಲ, ‘ಗೊತ್ತಿಲ್ಲ’ ಅಂತ ಬರುತ್ತೆ. ಅದರ ಜಾಗದಲ್ಲಿ ಸೊನ್ನೆ ಬರೆದರೆ ಏನಾಗುತ್ತೆ? ಮನೆ ಇಲ್ಲದವರು, ನಂಬರ್ ಇಲ್ಲದ ಮನೆಯವರು, ಬಿಎಲ್‌ಒ ಬರೆದುಕೊಳ್ಳಲು ಮರೆತವರು, ನಿಜವಾಗಿಯೂ ಸುಳ್ಳು ವಿಳಾಸ ಕೊಟ್ಟವರು, ನಾಲ್ಕೂ ಬಗೆಯ ಜನ ‘ಮನೆ ನಂಬರ್ 0’ ಎಂಬ ಒಂದೇ ಮನೆಗೆ ಬಂದು ಸೇರುತ್ತಾರೆ. ಅಕ್ರಮ ಮಾಡಿದವನಿಗೆ ಬಡವನ ಹಿಂದೆ ಅಡಗಿಕೊಳ್ಳಲು ಜಾಗ ಸಿಗುತ್ತದೆ. ಬಡವನನ್ನು ಅಕ್ರಮದವನು ಎಂದು ಅನುಮಾನಿಸಲು ಉಳಿದವರಿಗೆ ನೆಪ ಸಿಗುತ್ತದೆ. ‘ವಿಳಾಸ ಏಕಿಲ್ಲ’ ಎಂಬ ಇನ್ನೊಂದು ಕಾಲಂ ಇದ್ದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು.

ಕಾಲಂನೊಳಗೆ ಏನು ಬರೆಯಬಹುದು ಎಂಬುದನ್ನು ಡೊಮೇನ್ ಅಂತಾರೆ. 2025ರ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ನೆನಪಿದೆಯಲ್ಲ? ಹಿಂದೂ ಜಾತಿಯ ಹೆಸರಿನ ಮುಂದೆ ಕ್ರಿಶ್ಚಿಯನ್ ಅಂತ ಸೇರಿದ್ದ 33 ಹೆಸರುಗಳನ್ನು ಆ್ಯಪ್‌ನ ಡ್ರಾಪ್‌ಡೌನ್‌ನಲ್ಲಿ ಕಾಣಿಸದಂತೆ ಮಾಡಲಾಯಿತು. ಎಷ್ಟೋ ದಿನ ನಡೆದ ಆ ರಾಜಕೀಯ ಜಗಳ ನಿಂತಿದ್ದು ಒಂದು ಡೊಮೇನ್ ಮೇಲೆ. ಮೆನುವಿನಲ್ಲಿ ಹೆಸರು ಇದ್ದರೆ ಆ ಗುಂಪನ್ನು ಎಣಿಸುವುದು ಸುಲಭ, ಇಲ್ಲದಿದ್ದರೆ ಅವರು ‘ಇತರೆ’ಯೊಳಗೆ ಕರಗುತ್ತಾರೆ.

ಹೆಸರು ನೋಡಿ ಜೋಡಿಸುವ ಆಟ

ಎರಡು ಟೇಬಲ್‌ಗಳಿಗೆ ಸಾಮಾನ್ಯವಾದ ಕೀ ಇಲ್ಲದಿದ್ದರೆ ಏನು ಮಾಡಬೇಕು? ಹೆಸರು, ಅಪ್ಪನ ಹೆಸರು, ವಯಸ್ಸು, ಊರು ನೋಡಿ ‘ಇವರಿಬ್ಬರೂ ಒಬ್ಬರೇ ಇರಬಹುದು’ ಅಂತ ಊಹಿಸಬೇಕು. ನಮ್ಮ ಸಿಲೆಬಸ್‌ನಲ್ಲಿ ಇದಿರಲಿಲ್ಲ. ಆಡಳಿತದಲ್ಲಿ ಇದು ದಿನದ ಕೆಲಸ.

ತೆಲಂಗಾಣದ ‘ಸಮಗ್ರ ವೇದಿಕ’ ಇಂಥದ್ದೇ ಒಂದು ವ್ಯವಸ್ಥೆ. ವಾಹನ, ಆಸ್ತಿ, ವಿದ್ಯುತ್ ಹೀಗೆ ಬೇರೆ ಬೇರೆ ಸರ್ಕಾರಿ ದಾಖಲೆಗಳನ್ನು ಹೆಸರು, ವಿಳಾಸದ ಹೋಲಿಕೆಯಿಂದ ಜೋಡಿಸಿ ಯಾರು ಬಡವರು, ಯಾರಲ್ಲ ಅಂತ ಅದು ಹೇಳುತ್ತಿತ್ತು. ಯಾರದ್ದೋ ಕಾರು ಅದೇ ಹೆಸರಿನ ಇನ್ನೊಬ್ಬರ ಲೆಕ್ಕಕ್ಕೆ ಸೇರಿ ಅವರ ಪಡಿತರ ನಿಂತ ಪ್ರಕರಣಗಳು ವರದಿಯಾದವು. ಆ ರಾಜ್ಯದಲ್ಲಿ ರದ್ದಾದ ಸುಮಾರು 19 ಲಕ್ಷ ಕಾರ್ಡ್‌ಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು.

ನಮ್ಮಲ್ಲೂ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿಯ ಗದ್ದಲವಾಯಿತು. ಕೊನೆಗೆ ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ಬ್ಯಾಂಕ್ ಸಾಲಕ್ಕೆ ಬೇಕು ಅಂತ ಐಟಿ ರಿಟರ್ನ್ ಸಲ್ಲಿಸಿದವನು, ತೆರಿಗೆ ನಿಜವಾಗಿ ಕಟ್ಟಿದವನು, ಇವರಿಬ್ಬರನ್ನು ಹೇಳುವ ಕಾಲಂಗಳು ಬೇರೆ ಬೇರೆ. ಎರಡನ್ನೂ ಒಂದೇ ಮಾಡಿದರೆ ಗೂಡಂಗಡಿಯವನೂ ಶ್ರೀಮಂತನಾಗುತ್ತಾನೆ.

ಕನ್ನಡದ ಹೆಸರುಗಳಿಗೆ ಬಂದರೆ ಕಷ್ಟ ದುಪ್ಪಟ್ಟು. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಒಬ್ಬ ಆಪರೇಟರ್ ‘ಎಕ್ಸ್’ ಹಾಕಿ ಬರೆಯುತ್ತಾನೆ, ಇನ್ನೊಬ್ಬ ‘ಕೆ, ಎಸ್, ಎಚ್’ ಹಾಕುತ್ತಾನೆ. ಹಳೇ ಮೈಸೂರಿನಲ್ಲಿ ಹೆಸರಿನ ಮುಂದೆ ಇನಿಷಿಯಲ್, ಉತ್ತರ ಕರ್ನಾಟಕದಲ್ಲಿ ಹೆಸರಿನ ನಂತರ ಅಡ್ಡಹೆಸರು. ಮದುವೆಯಾದ ಹೆಣ್ಣುಮಗಳ ಅಪ್ಪನ ಹೆಸರಿನ ಜಾಗಕ್ಕೆ ಗಂಡನ ಹೆಸರು ಬರುತ್ತದೆ. ಇಂಗ್ಲಿಷಿಗೆ ಹೋಗಿ ಮತ್ತೆ ಸಾಫ್ಟ್‌ವೇರ್ ಮೂಲಕ ಕನ್ನಡಕ್ಕೆ ಮರಳುವಷ್ಟರಲ್ಲಿ ಹೊನ್ನವ್ವ ಯಾರೋ ಆಗಿರುತ್ತಾಳೆ.

ಈಗ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅಂದ್ರೆ ಎಸ್‌ಐಆರ್ ನೋಡಿ. 2025ರ ನವೆಂಬರ್‌ನಲ್ಲಿ ಶುರುವಾದ ಎರಡನೇ ಹಂತದಲ್ಲಿ ಮತದಾರ ತನ್ನ ಅಥವಾ ತನ್ನ ಸಂಬಂಧಿಕರ ಹೆಸರನ್ನು 2002-2004ರ ಸುಮಾರಿನ ಹಳೆ ಪಟ್ಟಿಯಲ್ಲಿ ತೋರಿಸಬೇಕು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದಿನ ಟೇಬಲ್‌ಗೂ ಇಂದಿನ ಟೇಬಲ್‌ಗೂ ಜಾಯಿನ್ ಮಾಡಬೇಕು, ಎಲ್ಲ ಸಾಲಿಗೂ ನಂಬುವಂಥ ಕೀ ಇಲ್ಲ. ಜಾಯಿನ್ ಆಗದ ಸಾಲನ್ನು ಏನು ಮಾಡಬೇಕು? ಲೆಫ್ಟ್ ಜಾಯಿನ್ ಮಾಡಿದರೆ ಆ ಸಾಲು ಉಳಿಯುತ್ತದೆ, ಪಕ್ಕದಲ್ಲಿ ನಲ್ ಬರುತ್ತದೆ, ಅಂದ್ರೆ ‘ಇವರ ಬಗ್ಗೆ ಇನ್ನೂ ವಿಚಾರಿಸಬೇಕು’ ಅಂತ. ಇನ್ನರ್ ಜಾಯಿನ್ ಮಾಡಿದರೆ ಆ ಸಾಲೇ ಉತ್ತರದಲ್ಲಿ ಇರಲ್ಲ. ಲ್ಯಾಬ್‌ನಲ್ಲಿ ಇವೆರಡರ ವ್ಯತ್ಯಾಸ ಒಂದು ಮಾರ್ಕಿನದ್ದು. ಇಲ್ಲಿ ಒಬ್ಬರ ಮತದ್ದು. ದಾಖಲೆ ತಾಳೆಯಾಗದವರು ಸುಳ್ಳರು ಎಂದುಕೊಂಡು ಶುರು ಮಾಡಬೇಕೋ, ದಾಖಲೆಯೇ ಸರಿಯಿಲ್ಲ ಎಂದುಕೊಂಡೋ? ಇದಕ್ಕೆ ಉತ್ತರ ಸಾಫ್ಟ್‌ವೇರ್ ಕೊಡಲ್ಲ, ರಾಜಕಾರಣ ಕೊಡಬೇಕು.

ಕಂಪನಿಗೆ ಎಕ್ಸ್‌ಎಂಎಲ್, ಪ್ರಜೆಗೆ ಫೋಟೋ

ಇನ್ನು ಆ ಕೋರ್ಸಿನ ಎರಡನೇ ಅರ್ಧಕ್ಕೆ ಬರೋಣ. ಎಕ್ಸ್‌ಎಂಎಲ್ 1998ರ ಫೆಬ್ರವರಿಯಲ್ಲಿ ಡಬ್ಲ್ಯು3ಸಿಯ ಶಿಫಾರಸಾಗಿ ಬಂತು. ವಿಷಯ ಸರಳ: ಮಾಹಿತಿಯನ್ನು ಕಳಿಸುವಾಗ ಅದರ ಜೊತೆ ಅದರ ಅರ್ಥವನ್ನೂ ಕಳಿಸು. ಹೆಸರಿನ ಸುತ್ತ ‘ಹೆಸರು’ ಅಂತ ಟ್ಯಾಗ್, ವಯಸ್ಸಿನ ಸುತ್ತ ‘ವಯಸ್ಸು’ ಅಂತ ಟ್ಯಾಗ್. ಆ ಟ್ಯಾಗ್‌ಗಳು ಕನ್ನಡದಲ್ಲಿದ್ದರೂ ಎಕ್ಸ್‌ಎಂಎಲ್ ಒಪ್ಪುತ್ತದೆ. ವಯಸ್ಸಿನ ಜಾಗದಲ್ಲಿ ಅಂಕಿಯೇ ಇರಬೇಕು, ಹೆಸರು ಖಾಲಿ ಬಿಡುವಂತಿಲ್ಲ ಅಂತ ಸ್ಕೀಮಾ ಬರೆದು ತಪಾಸಣೆ ಮಾಡಬಹುದು. ಮನುಷ್ಯರೂ ಓದಬಹುದು, ಯಂತ್ರವೂ ಓದಬಹುದು. ಈಗ ಬಹಳ ಕಡೆ ಜೇಸನ್ ಬಂದಿದೆ, ಆದರೆ ಹಿಂದಿನ ವಿಚಾರ ಅದೇ.

ಸರ್ಕಾರಕ್ಕೆ ಇದರ ಬೆಲೆ ಚೆನ್ನಾಗಿ ಗೊತ್ತು. ದೊಡ್ಡ ಕಂಪನಿಗಳು ತಮ್ಮ ಲೆಕ್ಕಪತ್ರವನ್ನು ಎಕ್ಸ್‌ಬಿಆರ್‌ಎಲ್ ಎಂಬ ಎಕ್ಸ್‌ಎಂಎಲ್ ಆಧಾರಿತ ರೂಪದಲ್ಲೇ ಸಲ್ಲಿಸಬೇಕು ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2011ರಲ್ಲೇ ಹೇಳಿತು. ಆದಾಯ ತೆರಿಗೆ ರಿಟರ್ನ್ ವರ್ಷಗಟ್ಟಲೆ ಎಕ್ಸ್‌ಎಂಎಲ್ ಫೈಲ್ ಆಗಿ ಅಪ್‌ಲೋಡ್ ಆಗುತ್ತಿತ್ತು, ಈಗ ಜೇಸನ್. ಆಧಾರ್‌ನ ಆಫ್‌ಲೈನ್ ಕೆವೈಸಿ ಒಂದು ಎಕ್ಸ್‌ಎಂಎಲ್ ಫೈಲ್. ನೀವು ಚಹಾಕ್ಕೆ ಹತ್ತು ರೂಪಾಯಿ ಯುಪಿಐ ಮಾಡಿದರೂ ಹಿಂದೆ ಓಡಾಡುವುದು ಎಕ್ಸ್‌ಎಂಎಲ್ ಸಂದೇಶ.

ಅದೇ ಸರ್ಕಾರಿ ವ್ಯವಸ್ಥೆ ನಮಗೆ ಮಾಹಿತಿ ಕೊಡುವಾಗ? ಮತದಾರರ ಪಟ್ಟಿ ಸಿಗೋದು ಚಿತ್ರದ ಪಿಡಿಎಫ್ ಆಗಿ. ಅಭ್ಯರ್ಥಿಗಳ ಆಸ್ತಿ ಅಫಿಡವಿಟ್ ಸ್ಕ್ಯಾನ್ ಮಾಡಿದ ಹಾಳೆ, ಕೆಲವೊಮ್ಮೆ ಕೈಬರಹ. ಎಡಿಆರ್‌ನಂಥ ಸಂಸ್ಥೆಯವರು ಅದನ್ನು ಓದಿ ಮತ್ತೆ ಟೈಪ್ ಮಾಡಿ ಟೇಬಲ್ ಮಾಡುತ್ತಾರೆ. ಒಂದು ವರದಿಗಾಗಿ ನಾನು ಒಂದು ಬೂತಿನ ಕನ್ನಡ ಪಟ್ಟಿಯನ್ನು ಓಸಿಆರ್‌ಗೆ ಹಾಕಿದ್ದೆ. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಸರಿಪಡಿಸೋಕೆ ಎರಡು ರಾತ್ರಿ ಹೋಯಿತು. ಅದು ಒಂದು ಬೂತು!

ಪಟ್ಟಿಯನ್ನು ಹುಡುಕಬಹುದಾದ ರೂಪದಲ್ಲಿ ಕೊಡಿ ಎಂದು ಕಮಲ್ ನಾಥ್ 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೋರ್ಟ್ ಒಪ್ಪಲಿಲ್ಲ. ಬೇಕಿದ್ದರೆ ಅರ್ಜಿದಾರರು ತಮ್ಮದೇ ಶ್ರಮದಿಂದ ಪರಿವರ್ತಿಸಿಕೊಳ್ಳಬಹುದು ಎಂಬ ಅರ್ಥದ ಮಾತು ತೀರ್ಪಿನಲ್ಲಿದೆ. ಆ ಶ್ರಮ ಯಾರಿಗೆ ಸಾಧ್ಯ? ದುಡ್ಡಿರುವ ಪಕ್ಷಕ್ಕೆ, ಡೇಟಾ ಮಾರುವ ಏಜೆನ್ಸಿಗೆ. ಕಲಬುರಗಿಯ ಒಬ್ಬ ಕಾಲೇಜು ಹುಡುಗಿಗೆ, ಒಂದು ಸಣ್ಣ ಪತ್ರಿಕೆಗೆ ಸಾಧ್ಯವಿಲ್ಲ.

ಮನಸ್ಸು ಮಾಡಿದರೆ ಆಗುತ್ತದೆ ಅನ್ನೋದೂ ಗೊತ್ತಾಗಿದೆ. ಬಿಹಾರದ ಎಸ್‌ಐಆರ್‌ನಲ್ಲಿ ಕರಡು ಪಟ್ಟಿಯಿಂದ ಹೊರಬಿದ್ದ ಸುಮಾರು 65 ಲಕ್ಷ ಹೆಸರುಗಳನ್ನು, ಕಾರಣದ ಸಮೇತ, ಎಪಿಕ್ ನಂಬರ್ ಹಾಕಿ ಹುಡುಕುವಂತೆ ಪ್ರಕಟಿಸಿ ಎಂದು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಿತು. ಕೆಲವೇ ದಿನಗಳಲ್ಲಿ ಪಟ್ಟಿ ಬಂತು. ಟೇಬಲ್ ಮೊದಲಿನಿಂದಲೂ ಅವರ ಬಳಿ ಇತ್ತು.

ಪ್ರೈವೆಸಿ ಪ್ರಶ್ನೆ

ಯಂತ್ರ ಓದುವ ಪಟ್ಟಿ ಕೊಟ್ಟರೆ ಜಾತಿ, ಧರ್ಮದ ಪ್ರಕಾರ ಮತದಾರರನ್ನು ವಿಂಗಡಿಸುತ್ತಾರೆ, ಖಾಸಗಿತನ ಹೋಗುತ್ತದೆ ಎಂಬುದು ಎದುರು ವಾದ. ಇದನ್ನು ಹಗುರವಾಗಿ ನೋಡಬಾರದು. ಹೆಸರು ನೋಡಿ ಧರ್ಮ ಗುರುತಿಸಿ ಒಂದು ಬಡಾವಣೆಯನ್ನೇ ಗುರಿ ಮಾಡಬಹುದು, ಈ ಭಯ ಮುಸ್ಲಿಮರಿಗೆ ಕಲ್ಪನೆಯಲ್ಲ.

ಆದರೆ ಚಿತ್ರದ ಪಿಡಿಎಫ್ ಇದನ್ನು ತಡೆದಿದೆಯೇ? 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಚಿಲುಮೆ ಪ್ರಕರಣ ಹೊರಬಂತು. ಮತದಾರರ ಜಾಗೃತಿಗೆಂದು ಪಾಲಿಕೆಯಿಂದ ಅನುಮತಿ ಪಡೆದ ಸಂಸ್ಥೆಯೊಂದರ ಜನ ಬಿಎಲ್‌ಒಗಳ ವೇಷದಲ್ಲಿ ಮನೆಮನೆಗೆ ಹೋಗಿ ಖಾಸಗಿ ವಿವರ ಸಂಗ್ರಹಿಸಿದರು ಎಂಬ ಆರೋಪ ಅದು. ಬಂಧನಗಳಾದವು, ಅನುಮತಿ ರದ್ದಾಯಿತು. ಆಗಲೂ ಪಟ್ಟಿ ಚಿತ್ರದ ಪಿಡಿಎಫ್ ಆಗಿಯೇ ಇತ್ತು. ಬೇಕಾದವರಿಗೆ ಬೇರೆ ದಾರಿ ಸಿಕ್ಕೇ ಸಿಗುತ್ತೆ.

ಇದಕ್ಕೂ ಅದೇ ಸಿಲೆಬಸ್‌ನಲ್ಲಿ ಒಂದು ಉಪಾಯವಿದೆ, ಅದರ ಹೆಸರು ವ್ಯೂ. ಇಡೀ ಟೇಬಲ್ ಕೊಡಬೇಕಿಲ್ಲ. ಫೋಟೋ, ಫೋನ್ ನಂಬರ್ ಬಿಟ್ಟು ತಪಾಸಣೆಗೆ ಬೇಕಾದ ಕಾಲಂ ಮಾತ್ರ ತೋರಿಸಬಹುದು. ಬೂತಿನ ಮಟ್ಟದಲ್ಲಿ ಎಷ್ಟು ಹೆಸರು ಸೇರಿತು, ಎಷ್ಟು ಹೋಯಿತು, ಯಾವ ಕಾರಣಕ್ಕೆ ಅಂತ ಲೆಕ್ಕ ಕೊಡಬಹುದು. ಕೊಡುವುದೋ ಬಿಡುವುದೋ ಎಂಬಷ್ಟಕ್ಕೇ ಚರ್ಚೆ ನಿಲ್ಲಬೇಕಿಲ್ಲ. ಯಾವ ಕಾಲಂ, ಯಾರಿಗೆ, ಯಾವ ಷರತ್ತಿನಲ್ಲಿ ಅಂತ ಕೂತು ಮಾತಾಡಬಹುದು.

ಹಾಗಾದ್ರೆ ಏನ್ ಮಾಡೋದು?

1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಎಂಬ ಊರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಮೊದಲ ಜನಸುನವಾಯಿ ನಡೆಸಿತು. ಸರ್ಕಾರಿ ಕಾಮಗಾರಿಯ ದಾಖಲೆಗಳನ್ನು ಊರಿನವರ ಎದುರು ಜೋರಾಗಿ ಓದಿದರು. ಆಗದ ಕೆಲಸದ, ಮಾಡದ ಕೂಲಿಯ ಲೆಕ್ಕ ಅಲ್ಲೇ ಬಯಲಾಯಿತು. ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ. ಒಂದು ಟೇಬಲ್ ಸರ್ಕಾರದ್ದು, ಇನ್ನೊಂದು ಊರಿನವರ ನೆನಪು. ಕಂಪ್ಯೂಟರ್ ಇಲ್ಲದೆ ಆ ಜನ ಮಾಡಿದ್ದು ಜಾಯಿನ್. ಇಂದು ದಾಖಲೆ ಸರ್ವರ್‌ನಲ್ಲಿದೆ, ಜೋರಾಗಿ ಓದಲು ಬರುವವರು ಡಿಬಿಎಂಎಸ್ ಕಲಿತವರು.

ಮಾಹಿತಿ ಹಕ್ಕು ಕಾಯ್ದೆ 2005 ಇದಕ್ಕೆ ದಾರಿ ಕೊಡುತ್ತದೆ. ಎಲೆಕ್ಟ್ರಾನಿಕ್ ರೂಪದಲ್ಲಿರುವ ದತ್ತಾಂಶವೂ ಆ ಕಾಯ್ದೆಯ ಪ್ರಕಾರ ‘ಮಾಹಿತಿ’. ಕಲಂ 7(9)ರ ಪ್ರಕಾರ, ಕೇಳಿದ ರೂಪದಲ್ಲೇ ಮಾಹಿತಿ ಕೊಡುವುದು ಸಾಮಾನ್ಯ ನಿಯಮ, ಕಚೇರಿಗೆ ವಿಪರೀತ ಹೊರೆ ಆಗುವಂಥ ಸಂದರ್ಭಗಳಲ್ಲಿ ವಿನಾಯಿತಿ. ಹಾಗಾಗಿ ಮುಂದಿನ ಸಲ ಅರ್ಜಿ ಹಾಕುವಾಗ ‘ಪ್ರತಿ ಕೊಡಿ’ ಅನ್ನುವ ಬದಲು ‘ಸಿಎಸ್‌ವಿ ಅಥವಾ ಎಕ್ಸ್‌ಎಂಎಲ್ ಫೈಲ್ ಕೊಡಿ’ ಅಂತ ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಕಲಂ 44(3), ಆರ್‌ಟಿಐನ 8(1)(ಜೆ) ಕಲಮನ್ನು ತಿದ್ದಿ ವೈಯಕ್ತಿಕ ಮಾಹಿತಿಯ ಹೆಸರಿನಲ್ಲಿ ನಿರಾಕರಿಸುವುದನ್ನು ಸುಲಭ ಮಾಡಿದೆ. ಅದಕ್ಕೇ ಜನರ ಹೆಸರಿನ ಜೊತೆಗೆ ಸ್ಕೀಮಾವನ್ನೂ ಕೇಳಬೇಕು. ಸ್ಕೀಮಾದಲ್ಲಿ ಯಾರ ವೈಯಕ್ತಿಕ ಮಾಹಿತಿಯೂ ಇರಲ್ಲ. ಕಾಲಂಗಳು ಯಾವುವು, ಕೀ ಯಾವುದು, ಬೇರೆ ಯಾವ ಇಲಾಖೆಯ ಟೇಬಲ್ ಜೊತೆ ಯಾವ ನಿಯಮದಲ್ಲಿ ಜೋಡಿಸುತ್ತೀರಿ, ಸಾಲು ಅಳಿಸಿದಾಗ ಯಾರು, ಯಾವಾಗ, ಏಕೆ ಎಂಬ ದಾಖಲೆ ಇಡುತ್ತೀರಾ?

ಈ ಕೊನೆಯ ಪ್ರಶ್ನೆ ಎಷ್ಟು ಮುಖ್ಯ ಅಂತ ಆಳಂದ ತೋರಿಸಿಕೊಟ್ಟಿದೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ಹೆಸರುಗಳು ಉಳಿದವು, ಎಫ್‌ಐಆರ್ ಆಯಿತು. ಆಮೇಲಿನ ಜಗಳವೆಲ್ಲ ಆ ಅರ್ಜಿಗಳನ್ನು ಯಾವ ಕಂಪ್ಯೂಟರಿನಿಂದ ಯಾರು ಹಾಕಿದರು ಎಂಬ ಲಾಗ್ ಮೇಲೆ.

ಕಾಲೇಜುಗಳಿಗೂ ಒಂದು ಮಾತು. ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಅಂದ್ರೆ ಸೀನಿಯರ್‌ನಿಂದ ಇಸ್ಕೊಂಡ ‘ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್’ ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದರ ಬದಲು ನಿಮ್ಮ ಊರಿನ ನರೇಗಾ ಹಾಜರಿ ಪಟ್ಟಿ ತೆಗೆದುಕೊಳ್ಳಿ. ರಾಜ್ಯದ ‘ಮಾಹಿತಿ ಕಣಜ’ ಪೋರ್ಟಲ್‌ನಲ್ಲಿರುವ ನಿಮ್ಮ ಪಂಚಾಯಿತಿಯ ವಿವರ ತೆಗೆದುಕೊಳ್ಳಿ. ನಿಮ್ಮ ಬೂತಿನ ಮತದಾರರ ಪಟ್ಟಿ ತೆಗೆದುಕೊಂಡು ಅದರ ಸ್ಕೀಮಾ ಬರೆಯಿರಿ. ಕೀ ಎಲ್ಲಿ ಮುರಿಯುತ್ತದೆ, ಸೊನ್ನೆ ಎಲ್ಲೆಲ್ಲಿ ನಲ್‌ನ ಜಾಗದಲ್ಲಿ ಕೂತಿದೆ ಅಂತ ಹುಡುಕಿ. ಸಿಕ್ಕಿದ್ದನ್ನು ನೇರ ಅಕ್ರಮ ಅಂತ ರೀಲ್ಸ್ ಮಾಡಬೇಡಿ. ಒಂದೊಂದು ಸಾಲಿನ ಮನೆಗೂ ಹೋಗಿ ಕದ ತಟ್ಟಿ ಕೇಳಿ. ಕ್ವೆರಿಯಿಂದ ಅನುಮಾನ ಮಾತ್ರ ಸಿಗುತ್ತದೆ, ಸತ್ಯ ತಿಳಿಯಲು ಬೀದಿಗೆ ಹೋಗಬೇಕು.

ಎಸ್‌ಐಆರ್ ನಮ್ಮ ರಾಜ್ಯದ ಮನೆಬಾಗಿಲಿಗೂ ಬಂದಾಗ ನಿಮ್ಮ ಅಜ್ಜಿಯೋ, ಪಕ್ಕದ ಮನೆಯ ಗಾರ್ಮೆಂಟ್ಸ್ ಅಕ್ಕನೋ ಒಂದು ಫಾರಂ ಹಿಡಿದು ‘ಇದರಲ್ಲಿ ನನ್ನ ಹೆಸರು ಸಿಗ್ತಿಲ್ಲ, ನೋಡಪ್ಪ’ ಅಂತ ನಿಮ್ಮ ಬಳಿ ಬರುತ್ತಾರೆ. ಯಾವ ಪಟ್ಟಿಯನ್ನು ಯಾವ ಪಟ್ಟಿಗೆ ಹೋಲಿಸಿದಿರಿ, ಯಾವ ಕಾಲಂ ತಾಳೆಯಾಗಲಿಲ್ಲ, ನೋಟಿಸ್ ಎಲ್ಲಿ, ಈ ಮೂರನ್ನು ಬಿಎಲ್‌ಒ ಹತ್ತಿರ ಲಿಖಿತವಾಗಿ ಕೇಳಿ. ಪಕ್ಕದಲ್ಲಿ ನಿಂತು ಆ ಅರ್ಜಿ ಬರೆದುಕೊಡಿ.